ಸತ್ತ ಕೋಳಿ ಎತ್ತುವವರು

ಅಮ್ಮ ಕರೆದರೆ ಕೋಳಿಗಳು ಎಲ್ಲಿದ್ದರೂ ಓಡಿ ಬರುತ್ತಿದ್ದವು. ಶೋಧನನಿಗೆ ಅದು ಗೊತ್ತಿತ್ತು. ಅದಕ್ಕೇ ಅವಳ ಬಾಯಿಯಿಂದಲೇ ಕರೆಸಿದ. ಕರೆಸಿ ಕೊಲ್ಲಿಸಿದ.

ಶೋಧನನಿಗೆ ನಾನು ಬಹುವಚನ ಹಾಕುವುದಿಲ್ಲ. ನನ್ನ ಅಮ್ಮನಿಗಿಂತ ಎಷ್ಟೋ ಚಿಕ್ಕವನಾದ ಅವನು ಅವಳಿಗೆ ಒಂದು ದಿನವೂ ಹಾಕಿದ್ದಿಲ್ಲ.

ನಾನು ಸುರಕ್ಷಾ. ಅಮ್ಮನ ಹೆಸರು ಸೇಸಮ್ಮ. ಸಿದ್ಧಕಟ್ಟೆಯಿಂದ ಒಳಗೆ, ಗುಡ್ಡದ ಬುಡದಲ್ಲಿರುವ ದಲಿತ ಕಾಲೊನಿ ನಮ್ಮದು. ಅಪ್ಪ ತೀರಿಹೋಗಿದ್ದಾನೆ. ನಾವಿಬ್ಬರೂ ಬೀಡಿ ಕಟ್ಟುತ್ತೇವೆ. ನಾನು ಬಂಟ್ವಾಳದ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದ್ದೇನೆ. ಬೀಡಿ ಕಟ್ಟುವುದಕ್ಕೆ ಅದು ಅಡ್ಡಿ ಬರಲಿಲ್ಲ.

ಕಾಲೊನಿಯ ಎಲ್ಲ ಮನೆಗಳಲ್ಲೂ ಊರಿನ ಕೋಳಿ ಇತ್ತು. ಬೀಡಿ ಕಟ್ಟುವ ಹೆಂಗಸರಿಗೆ ಕೈಯ ಕೆಲಸ ಬಿಟ್ಟು ಏಳದೆ ಸಾಕಬಹುದಾದ ಜೀವ ಅದೊಂದೇ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಆಯಿತು. ಗುಡ್ಡೆಯಲ್ಲಿ ಕೆದಕಿ ತಿಂದು ಸಂಜೆ ತಾವಾಗಿಯೇ ಬರುತ್ತವೆ. ಯಾರ ಹತ್ತಿರವೂ ಕೈ ಚಾಚದೆ ನಮ್ಮದು ಎಂದು ಹೇಳಿಕೊಳ್ಳುವುದಕ್ಕೆ ನಮಗೆ ಇದ್ದದ್ದು ಅವೇ. ನೀರು ಕೂಡ ನಮ್ಮದಲ್ಲ. ಅದು ಮೇಲಿನ ಮನೆಯ ಬೋರ್‌ವೆಲ್ಲಿನಿಂದ ಬರಬೇಕು. ಅವರು ಸ್ವಿಚ್ಚು ಹಾಕಿದರೆ ಉಂಟು, ಹಾಕದಿದ್ದರೆ ಇಲ್ಲ.

ಮೇಲಿನ ಮನೆಯ ಯಜಮಾನರು ಮುಂಡಪ್ಪ. ಶೋಧನ್ ಅವರ ಮಗ. ಗಲ್ಫಿನಿಂದ ಬಂದವನೇ ಅವನು ಕಾಲೊನಿಯ ಮೇಲಿದ್ದ ಕುಮ್ಕಿ ಎಂಬ ಸರಕಾರಿ ಜಾಗಕ್ಕೆ ಬೇಲಿ ಹಾಕಿದ. ನಾವು ಸೌದೆ, ತರಗೆಲೆ ತರುತ್ತಿದ್ದ ಜಾಗ ಅದು. ಅಲ್ಲಿ ಬ್ರಾಯ್ಲರ್ ಶೆಡ್ಡು ಎದ್ದಿತು. ಕಂಪನಿಯವರು ಮರಿ ಕೊಡುತ್ತಾರೆ, ಆಹಾರ ಕೊಡುತ್ತಾರೆ. ಇವನು ಬೆಳೆಸಿ ಅವರಿಗೇ ಕೊಡಬೇಕು. ಕೆಲಸಕ್ಕೆ ಅಸ್ಸಾಮಿನ ಗಂಡಸರು ಬಂದರು. ಲಾಭ ಅವನಿಗೆ, ವಾಸನೆ ನಮಗೆ. ಅನ್ನದ ಬಟ್ಟಲಿನ ಮೇಲೆ ನೊಣ ಕಪ್ಪಗೆ ಕೂರುತ್ತಿತ್ತು. ಕಾಲೊನಿಯವರೆಲ್ಲ ಹೋಗಿ ಮುಂಡಪ್ಪರ ಅಂಗಳದ ಹೊರಗೆ ನಿಂತು ಹೇಳಿದೆವು.

"ನೋಡುವ" ಎಂದರು.

ರಸ್ತೆ ಕೇಳಿದಾಗಲೂ ಹಾಗೆಯೇ ಹೇಳಿದ್ದರು. ನೀರಿನ ಪೈಪು ಒಡೆದಾಗಲೂ ಅದೇ. ಆ ಮನೆಯಲ್ಲಿ ಇಲ್ಲ ಎನ್ನುವುದಿಲ್ಲ. ನೋಡುವ ಎನ್ನುತ್ತಾರೆ.

ಕಳೆದ ಬೇಸಿಗೆಯಲ್ಲಿ ಶೆಡ್ಡಿನ ಕೋಳಿಗಳು ಸಾಯತೊಡಗಿದವು. ಮೊದಲು ಒಂದೊಂದು. ಆಮೇಲೆ ಬುಟ್ಟಿಗಟ್ಟಲೆ. ಅಮ್ಮನಿಗೂ ಪಕ್ಕದ ಮನೆಯ ಕುಶಾಲಪ್ಪ ಮಾವನಿಗೂ ಕರೆ ಬಂತು. ಸತ್ತದ್ದನ್ನು ಹೊತ್ತು, ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆಗೆ ಎಸೆಯಬೇಕು. ಆ ಮನೆಯ ಸತ್ತ ದನಗಳನ್ನು ನನ್ನ ಅಜ್ಜ ಹೊತ್ತಿದ್ದ, ಅಪ್ಪ ಹೊತ್ತಿದ್ದ. ಈಗ ಕೋಳಿ, ಈಗ ಅಮ್ಮ.

"ಹೋಗ್ಬೇಡ" ಎಂದೆ.

"ನೀರು ಅವರದ್ದು ಮಗಾ" ಎಂದಳು.

ಒಂದು ದಿನ ಅವಳಿಗೆ ಗಂಜಿ ತೆಗೆದುಕೊಂಡು ನಾನೇ ಅಲ್ಲಿಗೆ ಹೋದೆ. ಕಣ್ಣಾರೆ ಕಂಡೆ. ಶೆಡ್ಡಿನ ಎದುರು ಬಾಗಿಲಲ್ಲಿ ಒಂದು ಅಗಲ ಟ್ರೇ. ಅದರಲ್ಲಿ ನೇರಳೆ ಬಣ್ಣದ ಔಷಧಿ ನೀರು. ಒಳಗೆ ಹೋಗುವವರು ಅದರಲ್ಲಿ ಕಾಲು ಅದ್ದಿ ಹೋಗಬೇಕು.

"ಏ ಸೇಸು, ಸರಿಯಾಗಿ ಅದ್ದು. ಕಾಲೊನಿಯ ಕೊಳೆ ಒಳಗೆ ತರ್ಬೇಡ" ಎಂದು ಶೋಧನ್ ದೂರದಿಂದಲೇ ಕೂಗಿದ. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ.

ಅಮ್ಮ ಅದ್ದಿದಳು. ಒಳಗೆ ಹೋದಳು. ಸತ್ತ ಕೋಳಿಗಳನ್ನು ಬರಿಗೈಯಲ್ಲಿ ಗೋಣಿಗೆ ತುಂಬಿದಳು. ಗೋಣಿಯನ್ನು ತಲೆಯ ಮೇಲಿಟ್ಟುಕೊಂಡು ಹಿಂಬಾಗಿಲಿನಿಂದ ಹೊರಗೆ ಬಂದಳು. ಹಿಂಬಾಗಿಲಲ್ಲಿ ಟ್ರೇ ಇರಲಿಲ್ಲ. ಗೋಣಿಯಿಂದ ಹಸಿರು ನೀರು ಸೋರಿ ಅವಳ ಕೆನ್ನೆಯ ಮೇಲೆ ಇಳಿಯುತ್ತಿತ್ತು. ಕುತ್ತಿಗೆಗೆ ಇಳಿಯುತ್ತಿತ್ತು. ಎರಡೂ ಕೈ ಮೇಲಿದ್ದದ್ದರಿಂದ ಒರೆಸಿಕೊಳ್ಳಲೂ ಆಗುತ್ತಿರಲಿಲ್ಲ. ಅವಳು ಕೋರೆಗೆ ಹೋಗಿ ಗೋಣಿ ಕೊಡವಿ, ಅದೇ ಕಾಲಲ್ಲಿ, ಅದೇ ಸೀರೆಯಲ್ಲಿ ಮನೆಗೆ ಬಂದಳು. ಅಂಗಳದಲ್ಲಿ ಕೋಳಿಗಳು ಅವಳ ಕಾಲಿಗೆ ಸುತ್ತಿಕೊಂಡವು.

ಎರಡು ಮೂರು ದಿನದಲ್ಲಿ ಅಮ್ಮನ ಕಣ್ಣು ಊದಿತು. ಕೆಂಡದ ಹಾಗೆ ಕೆಂಪಾಯಿತು. ಬೀಡಿಯ ಎಲೆ ಕಾಣುವುದಿಲ್ಲ ಎಂದಳು. ಮೇಲಿನ ಮನೆಗೆ ಹೋಗಿ, ಕೈಗೆ ಹಾಕಲಿಕ್ಕೆ ಏನಾದರೂ ಕೊಡಿ, ಕಣ್ಣಿಗೊಂದು ಮದ್ದು ತರಿಸಿ ಎಂದು ಕೇಳಿದಳು.

"ನೋಡುವ" ಎಂದರು ಮುಂಡಪ್ಪ.

ಆ ವಾರವೇ ನಮ್ಮ ಕೋಳಿಗಳಿಗೆ ಬಂತು. ಮೊದಲು ಹುಂಜ ಕೂಗುವುದು ನಿಲ್ಲಿಸಿತು. ಕುತ್ತಿಗೆ ಉದ್ದ ಮಾಡಿ, ಬಾಯಿ ತೆರೆದು, ಉಸಿರಿಗೆ ಒದ್ದಾಡಿತು. ಹಸಿರು ಭೇದಿ. ರೆಕ್ಕೆ ನೆಲಕ್ಕೆ ಬಿತ್ತು. ಅಮ್ಮ ಅರಸಿನ, ಬೆಳ್ಳುಳ್ಳಿ, ಕಾಳುಮೆಣಸು ಅರೆದು ಉಂಡೆ ಮಾಡಿ ಕೊಕ್ಕು ಬಿಡಿಸಿ ನುಂಗಿಸಿದಳು. ಸೀಕಾದದ್ದನ್ನು ಬೇರೆ ಬುಟ್ಟಿಯ ಅಡಿ ಹಾಕಿದಳು. ಗೂಡಿಗೆ ಬೂದಿ ಚೆಲ್ಲಿದಳು. ಏನೂ ಉಪಯೋಗಕ್ಕೆ ಬರಲಿಲ್ಲ. ಮರಿಗಳು ಕತ್ತು ತಿರುಚಿ ಆಕಾಶ ನೋಡುತ್ತ ಗಿರಗಿರನೆ ತಿರುಗಿ ಬಿದ್ದು ಸತ್ತವು. ಕುಶಾಲಪ್ಪ ಮಾವನ ಮನೆಯಲ್ಲೂ ಹಾಗೆಯೇ. ರಸ್ತೆ ದಾಟಿದರೆ ರುಕಿಯಾ ಅಕ್ಕನ ಮನೆ. ಅವಳು ಮೊಟ್ಟೆ ಮಾರಿಯೇ ಮಕ್ಕಳನ್ನು ಶಾಲೆಗೆ ಕಳಿಸುವವಳು. ಅವಳ ಗೂಡು ಪೂರ್ತಿ ಖಾಲಿಯಾಯಿತು.

ನಾನು ಸತ್ತ ಹೇಂಟೆಯೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಸ್ಸು ಹತ್ತಿದೆ. ಪಶು ಆಸ್ಪತ್ರೆಯ ಡಾಕ್ಟರು ಶುಭಶ್ರೀ ಅದನ್ನು ಕೊಯ್ದು ನೋಡಿದರು.

"ಇದು ಕೊಕ್ಕರೆ ರೋಗ. ಬಂದ ಮೇಲೆ ಮದ್ದಿಲ್ಲ. ಬರುವ ಮೊದಲು ಲಸಿಕೆ ಹಾಕಬೇಕು. ಹತ್ತಿರದಲ್ಲಿ ಎಲ್ಲಿಯಾದರೂ ಸತ್ತಿವೆಯಾ?"

ನಾನು ಶೆಡ್ಡಿನ ವಿಷಯ ಹೇಳಿದೆ.

"ನನಗೆ ಯಾರೂ ತಿಳಿಸಲೇ ಇಲ್ಲ" ಎಂದರು. "ಸತ್ತದ್ದನ್ನು ಮುಟ್ಟಿದವರ ಕೈಯಲ್ಲಿ, ಕಾಲಿನಲ್ಲಿ, ಬಟ್ಟೆಯಲ್ಲಿ ಇದು ಹೋಗ್ತದೆ. ಹೊರಗೆ ಬರುವಾಗ ಕಾಲು ತೊಳೆಯದಿದ್ದರೆ ರೋಗವನ್ನು ಹೊತ್ತು ಮನೆಗೆ ತಂದ ಹಾಗೆ. ಉಳಿದ ಕೋಳಿಗಳನ್ನು ಮನೆಯ ಹತ್ತಿರವೇ ಇಟ್ಟುಕೊಳ್ಳಿ. ನಾನು ಲಸಿಕೆ ತೆಗೆದುಕೊಂಡು ಬರ್ತೇನೆ."

ಬಸ್ಸಿನಲ್ಲಿ ನನಗೆ ಕೂರಲು ಆಗಲಿಲ್ಲ. ಒಳಗೆ ಹೋಗುವಾಗ ಕಾಲು ಅದ್ದು. ಹೊರಗೆ ಬರುವಾಗ ಹೇಗೆ ಬೇಕಾದರೂ ಹೋಗು. ಅವನಿಗೆ ಗೊತ್ತಿತ್ತು. ಕಂಪನಿಯವರು ಹೇಳಿಕೊಟ್ಟಿದ್ದರು. ಅವನ ಕೋಳಿಗೆ ನಮ್ಮಿಂದ ಏನೂ ತಾಗಬಾರದು ಎಂದು ಟ್ರೇ ಇಟ್ಟ. ನಮ್ಮ ಕೋಳಿಗೆ ಅವನಿಂದ ತಾಗಬಾರದು ಎಂದು ಇಡಲಿಲ್ಲ. ನನ್ನ ಅಮ್ಮನ ತಲೆಯ ಮೇಲೆ ಹೊರಿಸಿ, ಅವಳ ಕೋಳಿಗೆ ಅವಳ ಕಾಲಿನಲ್ಲೇ ಸಾವು ಕಳಿಸಿದ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ತುಂಬ ಹೊತ್ತು ತನ್ನ ಪಾದಗಳನ್ನೇ ನೋಡುತ್ತ ಕೂತಳು. ಅಳಲಿಲ್ಲ. ಊದಿದ ಕಣ್ಣಿನಲ್ಲಿ ನೀರು ಮೊದಲೇ ಇಳಿಯುತ್ತಿತ್ತು.

ಡಾಕ್ಟರು ಬರುವ ಮೊದಲು ಶೋಧನ್ ಬಂದ. ಜೊತೆಗೆ ನಮ್ಮ ವಾರ್ಡಿನ ಪಂಚಾಯತ್ ಮೆಂಬರು ಮತ್ತು ಗೋಣಿ ಹಿಡಿದ ಶೆಡ್ಡಿನ ಇಬ್ಬರು ಆಳುಗಳು. ಕಂಪನಿಯ ಸೂಪರ್‌ವೈಸರು ಶೆಡ್ಡಿಗೆ ಬಂದು ರೋಗ ಹೇಗೆ ಬಂತು ಎಂದು ಕೇಳಿದ್ದನಂತೆ. ಇವನು ನಮ್ಮ ಕಡೆ ಬೆರಳು ತೋರಿಸಿದ್ದ.

"ನಿಮ್ಮ ನಾಡಕೋಳಿಯಿಂದ ನನ್ನ ಶೆಡ್ಡು ಹಾಳಾಯ್ತು" ಎಂದ. "ಉಳಿದದ್ದನ್ನೆಲ್ಲ ಈಗಲೇ ಕೊಲ್ಬೇಕು. ಇನ್ನು ಮೇಲೆ ಕಾಲೊನಿಯಲ್ಲಿ ಯಾರೂ ಕೋಳಿ ಸಾಕ್ಬಾರ್ದು. ಪಂಚಾಯ್ತಲ್ಲಿ ತೀರ್ಮಾನ ಆಗಿದೆ."

ಮೆಂಬರು ನೆಲ ನೋಡುತ್ತ ತಲೆಯಾಡಿಸಿದ.

"ಮೊದಲು ಸತ್ತದ್ದು ನಿಮ್ಮದು. ನನ್ನ ಅಮ್ಮನೇ ಹೊತ್ತದ್ದು" ಎಂದೆ.

"ಓದಿದ್ದು ಜಾಸ್ತಿ ಆಯ್ತಲ್ಲ ನಿನಗೆ" ಎಂದ.

ಆಳುಗಳು ಹಿಡಿಯಲು ಹೋದರು. ರೋಗ ತಾಗದ ಕೋಳಿಗಳು ಹಾರಿ ಪೊದೆ ಸೇರಿದವು, ಗೇರುಮರ ಹತ್ತಿದವು. ಅವರು ಓಡಿದರು, ಬಿದ್ದರು. ಒಂದೂ ಸಿಗಲಿಲ್ಲ.

"ಸೇಸು, ನೀನು ಕರಿ" ಎಂದ ಶೋಧನ್.

ಅಮ್ಮ ಕೇಳದವಳ ಹಾಗೆ ನಿಂತಳು.

"ಕರೆಯದಿದ್ರೆ ಬೇಡ. ಇವತ್ತಿನಿಂದ ಕಾಲೊನಿಯವರು ಎಲ್ಲಿಂದ ನೀರು ಕುಡೀತೀರಿ ಅಂತ ನಾನೂ ನೋಡ್ತೇನೆ."

ಎಲ್ಲ ಮನೆಗಳ ಬಾಗಿಲಲ್ಲಿ ಜನ ನಿಂತಿದ್ದರು. ಕೊಡ ಹಿಡಿದ ಹೆಂಗಸರು. ಸೊಂಟದಲ್ಲಿ ಕೂಸು. ಅಮ್ಮ ಎಲ್ಲರನ್ನೂ ಒಮ್ಮೆ ನೋಡಿದಳು. ಒಳಗೆ ಹೋಗಿ ಒಂದು ಹಿಡಿ ಅಕ್ಕಿ ತಂದಳು.

"ಬಾ… ಬಾ ಬಾ ಬಾ…"

ಅವು ಬಂದವು. ಪೊದೆಯಿಂದ ಬಂದವು, ಮರದಿಂದ ಹಾರಿ ಬಂದವು, ಒಂದನ್ನೊಂದು ತಳ್ಳಿಕೊಂಡು ಬಂದವು. ಅವಳ ಕೈಯಿಂದಲೇ ಅಕ್ಕಿ ಹೆಕ್ಕಿದವು. ಆಳುಗಳು ಹಿಂದಿನಿಂದ ಹಿಡಿದು ಕತ್ತು ತಿರುಚಿದರು. ಒಂದನ್ನು ತಿರುಚುವಾಗ ಇನ್ನೊಂದು ತಿನ್ನುತ್ತಿತ್ತು. ಕಾವಿಗೆ ಕೂತಿದ್ದ ಹೇಂಟೆ ಏಳಲಿಲ್ಲ. ಅದನ್ನು ಶೋಧನ್ ತಾನೇ ಬೂಟಿನಲ್ಲಿ ಮೆಟ್ಟಿದ. ಮೊಟ್ಟೆಗಳ ಸಮೇತ. ಒಡೆದ ಚಿಪ್ಪಿನೊಳಗೆ ಪುಕ್ಕ ಬಂದ ಮರಿಗಳಿದ್ದವು.

ಅಮ್ಮನ ಕೈಯಲ್ಲಿ ಅಕ್ಕಿ ಉಳಿದಿತ್ತು. ಅವರು ಹೋದ ಮೇಲೂ ಅವಳು ಮುಷ್ಟಿ ಬಿಡಿಸಲಿಲ್ಲ. ನಾನೇ ಬೆರಳು ಬಿಡಿಸಿದೆ. ಉಗುರು ನಾಟಿ ಅಂಗೈಯಲ್ಲಿ ರಕ್ತ ಬಂದಿತ್ತು.

ಮರುದಿನ ಲಸಿಕೆಯ ಡಬ್ಬಿ ಹಿಡಿದು ಡಾಕ್ಟರು ಬಂದರು. ಹಾಕಲು ಕೋಳಿ ಇರಲಿಲ್ಲ. ನಡೆದದ್ದನ್ನು ಕೇಳಿ ಅವರ ಮುಖ ಬಿಗಿಯಿತು. "ಕೊಲ್ಲಿ ಅಂತ ಹೇಳಲಿಕ್ಕೆ ಪಂಚಾಯತಿಗೂ ಅಧಿಕಾರ ಇಲ್ಲ, ಅವರಿಗೂ ಇಲ್ಲ" ಎಂದರು. ನೇರ ಶೆಡ್ಡಿಗೆ ನಡೆದರು.

ಶೆಡ್ಡಿನಲ್ಲಿ ಅಷ್ಟರಲ್ಲಿ ಕೋಳಿಗಳು ರಾಶಿರಾಶಿಯಾಗಿ ಬಿದ್ದಿದ್ದವು. ಕಾಯಿಲೆ ಮನುಷ್ಯರಿಗೂ ಬರುತ್ತದೆ ಎಂದು ಯಾರೋ ಹೆದರಿಸಿ, ಅಸ್ಸಾಮಿನವರು ಗಂಟು ಕಟ್ಟಿಕೊಂಡು ಹೋಗಿಯಾಗಿತ್ತು. ಡಾಕ್ಟರು ಕೋರೆಯನ್ನೂ ನೋಡಿದರು. ನಾಯಿಗಳು ಎಳೆದಾಡುತ್ತಿದ್ದವು, ಕಾಗೆಗಳು ಕುಕ್ಕುತ್ತಿದ್ದವು. ಎಲ್ಲವನ್ನೂ ಆಳವಾದ ಹೊಂಡದಲ್ಲಿ ಸುಣ್ಣ ಹಾಕಿ ಹೂಳಬೇಕು, ತಡ ಮಾಡಿದರೆ ಕೇಸು ಹಾಕುವುದಾಗಿ ಹೇಳಿ ಹೋದರು.

ಜೆಸಿಬಿ ಬಂತು. ಸಾಬಿತ್ ಎಂಬವನು ಹೊಂಡ ತೆಗೆದುಕೊಟ್ಟ. ಕಂಬಗಳ ನಡುವೆ, ತಗಡಿನ ಮಾಡಿನ ಅಡಿಗೆ ಜೆಸಿಬಿ ಹೋಗುವುದಿಲ್ಲ. ಕೈಯಿಂದಲೇ ಹೊರಗೆ ತರಬೇಕು. "ಹೊಂಡ ತೆಗೆಯುದು ನನ್ನ ಕೆಲಸ, ಮುಚ್ಚುದು ನನ್ನ ಕೆಲಸ. ನಡುವಿನದ್ದು ನೀವು ನೋಡಿ" ಎಂದು ಸಾಬಿತ್ ಕ್ಯಾಬಿನ್ನಿನಲ್ಲಿ ಕಾಲು ಚಾಚಿ ಕೂತ.

ಶೋಧನ್ ಒಬ್ಬ ಹುಡುಗನ ಕೈಯಲ್ಲಿ ಕಾಲೊನಿಗೆ ಹೇಳಿಕಳಿಸಿದ. ಅಮ್ಮ ಬೀಡಿಯ ಮೊರದಿಂದ ತಲೆ ಎತ್ತಲಿಲ್ಲ.

"ಬರುದಿಲ್ಲ ಅಂತ ಹೇಳು."

ಕುಶಾಲಪ್ಪ ಮಾವ ಹೆದರಿ ಓಡಿ ಬಂದ. ಅವನು ಹುಟ್ಟಿದಂದಿನಿಂದ ಆ ಮನೆಯಲ್ಲಿ ದುಡಿದವನು. "ಸೇಸಕ್ಕ, ಹಾಗೆ ಹೇಳಿದ್ರೆ ಆಗ್ತದಾ? ನಾಳೆ ಅವರ ಮುಖ ನೋಡುದು ಬೇಡ್ವಾ?"

"ನೀನು ಹೋಗು ಬೇಕಾದ್ರೆ. ಹೊತ್ತುಕೊಂಡು ಬರುವಾಗ ನನ್ನ ಅಂಗಳದಲ್ಲಿ ಕಾಲಿಡ್ಬೇಡ."

ಮಾವ ನಿಂತಲ್ಲೇ ನಿಂತ. ನಮ್ಮ ಖಾಲಿ ಗೂಡನ್ನು ನೋಡಿದ. ಆಮೇಲೆ ತನ್ನ ಮನೆಯ ಜಗಲಿಗೆ ಹೋಗಿ ಕೂತ. ಅವನೂ ಹೋಗಲಿಲ್ಲ. ಯಾರೂ ಹೋಗಲಿಲ್ಲ. ಸಿದ್ಧಕಟ್ಟೆ ಪೇಟೆಯಲ್ಲಿ ಹುಡುಕಿದರು, ಮೂಡುಬಿದಿರೆಯ ಕಡೆಗೂ ಫೋನು ಮಾಡಿದರು. ಎರಡು ಪಟ್ಟು ಸಂಬಳ ಎಂದರೂ ಯಾರೂ ಬರಲಿಲ್ಲ. ಬಿಸಿಲು ಏರಿತು. ಗಾಳಿ ತಿರುಗಿ ಈ ಸಲ ವಾಸನೆ ಮೇಲಿನ ಮನೆಗೇ ಹೋಯಿತು. ಅವರು ಕಿಟಕಿ ಹಾಕಿದರು. ಬಾಗಿಲು ಹಾಕಿದರು. ವಾಸನೆ ಒಳಗೇ ಉಳಿಯಿತು. ಊಟಕ್ಕೆ ಕೂತವರು ಎದ್ದರಂತೆ.

ಮರುದಿನ ಬೆಳಿಗ್ಗೆ ಮುಂಡಪ್ಪರು ಸ್ವತಃ ಬಂದರು. ಕಾಲೊನಿಯ ಒಳಗೆ ಅವರು ಕಾಲಿಟ್ಟದ್ದನ್ನು ನಾನು ಅದುವರೆಗೆ ಕಂಡದ್ದಿಲ್ಲ. ಬಿಳಿ ಪಂಚೆ ಎತ್ತಿ ಹಿಡಿದು, ಕಲ್ಲಿನಿಂದ ಕಲ್ಲಿಗೆ ದಾಟುತ್ತ ಬಂದರು. ಕೂರಿ ಎಂದು ಯಾರೂ ಹೇಳಲಿಲ್ಲ.

"ಸೇಸಮ್ಮ" ಎಂದರು. ಸೇಸು ಅನ್ನಲಿಲ್ಲ. "ಅವನಿಗೆ ಬುದ್ಧಿ ಇಲ್ಲ. ನೀನು ಹಿರಿಯವಳು. ಡಾಕ್ಟರು ಇವತ್ತು ಬರ್ತಾರೆ. ಮಾನ ಹೋಗ್ತದೆ ಮಾರಾಯ್ತಿ. ಬಂದು ಒಂದು ಕೈ ಹಾಕಿ."

ಅಮ್ಮ ಬೀಡಿಯ ಬಾಯಿ ಮಡಚುತ್ತಿದ್ದಳು. ಅದನ್ನು ಮುಗಿಸಿ ಮೊರಕ್ಕೆ ಹಾಕಿದಳು.

"ರೋಗ ಎಲ್ಲಿಂದ ಬಂತು ಧಣಿ?"

ಅವರು ಪಂಚೆಯನ್ನು ಇನ್ನಷ್ಟು ಎತ್ತಿ ಹಿಡಿದರು.

"ಡಾಕ್ಟ್ರ ಎದುರು, ಮೆಂಬರ ಎದುರು, ಊರವರ ಎದುರು ಅದನ್ನು ಹೇಳಿ. ಕಾಲೊನಿಯವರು ಕೋಳಿ ಸಾಕ್ಬಾರ್ದು ಅಂದದ್ದು ಸುಳ್ಳು ಅಂತ ಹೇಳಿ."

"ಹೇಳಿದ್ರೆ ಬರ್ತಿಯಾ?"

"ಮೊದಲು ಹೇಳಿ" ಎಂದಳು ಅಮ್ಮ. "ಮತ್ತೆ ನೋಡುವ."

ನಾವೆಲ್ಲ ಗುಡ್ಡ ಹತ್ತಿದೆವು. ಇಡೀ ಕಾಲೊನಿ ಹೊರಟಿತ್ತು. ರುಕಿಯಾ ಅಕ್ಕನೂ ಬಂದಳು. ಡಾಕ್ಟರು ಶೆಡ್ಡಿನ ಗೇಟಿನಲ್ಲಿ ನಿಂತಿದ್ದರು, ಪಕ್ಕದಲ್ಲಿ ಮೆಂಬರು. ಶೋಧನ್ ನಮ್ಮ ಸಾಲನ್ನು ನೋಡಿ ಉಸಿರು ಬಿಟ್ಟ. ಆಳು ಸಿಕ್ಕಿತು ಎಂದುಕೊಂಡ.

ಮುಂಡಪ್ಪರು ಗಂಟಲು ಸರಿ ಮಾಡಿಕೊಂಡರು. "ರೋಗ… ನಮ್ಮ ಶೆಡ್ಡಿನಿಂದಲೇ ಹೋದದ್ದು."

"ರುಕಿಯಾನಿಗೆ ಕೇಳಿಸ್ಲಿಲ್ಲ ಧಣಿ. ಜೋರಾಗಿ ಹೇಳಿ" ಎಂದಳು ಅಮ್ಮ.

ಅವರ ಕಿವಿ ಕೆಂಪಾಯಿತು. ಇನ್ನೊಮ್ಮೆ ಹೇಳಿದರು. ಸೇಸಮ್ಮನನ್ನು ಕರೆಸಿ ಹೊರಿಸಿದ್ದು ನಾವು, ಕೋರೆಗೆ ಹಾಕಿಸಿದ್ದು ನಾವು, ಅವರ ಕೋಳಿಗಳದ್ದು ತಪ್ಪಿಲ್ಲ, ಅವರು ಸಾಕಬಹುದು. ಒಂದೊಂದೇ ಮಾತು, ಹಲ್ಲು ಕಿತ್ತ ಹಾಗೆ ಬಂತು. ಡಾಕ್ಟರು ಮೆಂಬರನನ್ನು ನೋಡಿದರು. "ಹೌದು ಹೌದು, ಅಂಥ ತೀರ್ಮಾನ ಏನೂ ಆಗಿಲ್ಲ" ಎಂದು ಅವನು ತೊದಲಿದ.

"ಆಯ್ತಲ್ಲ?" ಎಂದರು ಮುಂಡಪ್ಪ. "ಇನ್ನು ಬೇಗ ಶುರು ಮಾಡಿ."

ಅಮ್ಮ ಸೆರಗು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. ಗೇಟಿನ ಹತ್ತಿರ ರಾಶಿ ಹಾಕಿದ್ದ ಕೆಂಪು ಕಲ್ಲುಗಳ ಮೇಲೆ ಹೋಗಿ ಕೂತಳು.

"ನಾನು ಎತ್ತುದಿಲ್ಲ."

"ಮಾತು ಕೊಟ್ಟಿದ್ದಿಯಲ್ಲ ನೀನು!"

"ನೋಡುವ ಅಂದಿದ್ದೆ. ನೋಡಿದೆ. ಆಗುದಿಲ್ಲ."

ಯಾರೋ ನಕ್ಕರು. ಕುಶಾಲಪ್ಪ ಮಾವ ಎಂದು ಆಮೇಲೆ ಗೊತ್ತಾಯಿತು. ಶೋಧನ್ ಮುಂದೆ ನುಗ್ಗಿದ. "ಈ ಜಾತಿಯನ್ನು ನಂಬಿದ್ರೆ ಹೀಗೇ ಆಗುದು!"

"ಜಾತಿಯನ್ನು ನಂಬಿಯೇ ಅಲ್ವಾ ನೀವು ನಿನ್ನೆಯಿಂದ ಕಾದದ್ದು?" ಎಂದಳು ಅಮ್ಮ. ಧ್ವನಿ ಏರಿಸಲಿಲ್ಲ. "ಇವರು ಹೆಣ ಎತ್ತುವವರು, ಬಂದೇ ಬರ್ತಾರೆ ಅಂತ. ಸತ್ತದ್ದು ನಿಮ್ಮದು. ನೀವೇ ಎತ್ತಿ."

ನಾನು ಫೋನು ತೆಗೆದು ಅವನ ಮುಖಕ್ಕೆ ಹಿಡಿದೆ. "ಜಾತಿಯ ವಿಷಯ ಇನ್ನೊಮ್ಮೆ ಹೇಳು. ಡಾಕ್ಟರೂ ಇದ್ದಾರೆ, ಮೆಂಬರೂ ಇದ್ದಾರೆ." ಮುಂಡಪ್ಪರು ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು.

"ಸಂಜೆಯೊಳಗೆ ಆಗಬೇಕು" ಎಂದರು ಡಾಕ್ಟರು. ತಮ್ಮ ಜೀಪಿನಿಂದ ಗ್ಲೌಸು, ಮಾಸ್ಕು ತಂದು ಅವನ ಕೈಗೆ ಕೊಟ್ಟರು. ಹಿಂಬಾಗಿಲಲ್ಲೂ ಒಂದು ಟ್ರೇ ಇಡಿಸಿದರು.

ಶೋಧನ್ ಒಳಗೆ ಹೋದ. ಹೋದ ಹಾಗೆಯೇ ಹೊರಗೆ ಬಂದು ವಾಂತಿ ಮಾಡಿದ. ಮತ್ತೆ ಹೋದ. ದಿನಗಟ್ಟಲೆ ಬಿಸಿಲಿಗೆ ಬೆಂದ ಕೋಳಿಗಳು ಅವು. ಹೊಟ್ಟೆ ಉಬ್ಬಿ ಒಡೆದಿತ್ತು. ಹುಳ ಬಿದ್ದಿತ್ತು. ಕಾಲು ಹಿಡಿದು ಎತ್ತಿದರೆ ಕಾಲು ಮಾತ್ರ ಕೈಗೆ ಬರುತ್ತದೆ. ಅಡಿಗೆ ಕೈ ಕೊಟ್ಟು ಹಿಡಿಯಬೇಕು. ಅಮ್ಮನಿಗೆ ಅದು ಗೊತ್ತಿತ್ತು. ಅವಳು ಹೇಳಲಿಲ್ಲ. ಅವನು ಕಾಲು ಹಿಡಿದು ಎತ್ತಿದ. ಮೈ ಅವನ ಬೂಟಿನ ಮೇಲೆ ಬಿತ್ತು. ಅಮ್ಮ ಎಲೆಗೆ ಸುಣ್ಣ ಹಚ್ಚಿಕೊಂಡಳು, ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿಕೊಂಡಳು.

ಮಧ್ಯಾಹ್ನವಾಗುವಾಗ ಒಬ್ಬನಿಂದ ಮುಗಿಯದು ಎಂದು ತಿಳಿಯಿತು. ಮುಂಡಪ್ಪರು ಪಂಚೆ ಕಟ್ಟಿ ತಾವೂ ಇಳಿದರು. ಮೇಲಿನ ಮನೆಯ ಅಳಿಯ ಪೇಟೆಯಿಂದ ಕಾರಿನಲ್ಲಿ ಬಂದು ಇಳಿದವನು ಹಾಗೆಯೇ ಸಿಕ್ಕಿಬಿದ್ದ. ಗೋಣಿ ತುಂಬುವುದು, ತಲೆಯ ಮೇಲೆ ಹೊರುವುದು, ಹೊಂಡಕ್ಕೆ ಚೆಲ್ಲುವುದು. ತಲೆಯ ಮೇಲೆ ಹೊತ್ತಾಗ ಸೋರುತ್ತದೆ. ಮುಖಕ್ಕೆ ಇಳಿಯುತ್ತದೆ. ಅದನ್ನು ಅವರು ಆ ದಿನ ಕಂಡರು. ಶೋಧನ್ ಒಮ್ಮೆ ಅಂಟಿದ ಕೈಯಲ್ಲೇ ಕಣ್ಣು ಒರೆಸಿಕೊಂಡ. ನಾವು ಯಾರೂ ಒರೆಸಬೇಡ ಎನ್ನಲಿಲ್ಲ.

ರುಕಿಯಾ ಅಕ್ಕ ಒಂದು ಪಾತ್ರೆ ಚಹಾ ತಂದಳು. ನಾವು ಕಲ್ಲುಗಳ ಮೇಲೆ ಕೂತು ಕುಡಿದೆವು. ಸಾಬಿತನಿಗೂ ಒಂದು ಗ್ಲಾಸು ಹೋಯಿತು. ಹೊಂಡದಿಂದ ಶೆಡ್ಡಿಗೆ, ಶೆಡ್ಡಿನಿಂದ ಹೊಂಡಕ್ಕೆ ಅವರು ಹೋಗುತ್ತ ಬರುತ್ತ ಇದ್ದರು. ನಮ್ಮ ಮುಂದೆಯೇ ದಾರಿ. ಪ್ರತಿಸಲವೂ ತಲೆ ಬಗ್ಗಿಸಿ ಹಾದುಹೋದರು. ನಮಗೆ ತಲೆ ಬಗ್ಗಿಸಿದ್ದಲ್ಲ ಅದು, ಹೊರೆಗೆ. ಆದರೂ ಬಗ್ಗಿತ್ತಲ್ಲ. ನನಗೆ ಹೊಟ್ಟೆ ತಣ್ಣಗಾಯಿತು. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಶೆಡ್ಡು ಸಂಜೆಯ ಹೊತ್ತಿಗೆ ಖಾಲಿಯಾಯಿತು. ಇನ್ನು ಕೋರೆಯಲ್ಲಿರುವುದನ್ನು ನಾಳೆ ಎತ್ತಿ ಹೂಳಬೇಕು, ತಾನು ಬಂದು ನಿಲ್ಲುತ್ತೇನೆ ಎಂದು ಡಾಕ್ಟರು ಹೇಳಿದರು. ಹೋಗುವ ಮೊದಲು ಅಮ್ಮನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಯಾವ ಆಸ್ಪತ್ರೆಗೆ ಹೋಗಿ ತೋರಿಸಬೇಕೆಂದು ನನಗೆ ತಿಳಿಸಿದರು.

ನಾವು ಕೆಳಗೆ ಬರುವಾಗ ನಳ್ಳಿಯಲ್ಲಿ ನೀರು ಇರಲಿಲ್ಲ. ಮೇಲಿನಿಂದ ಸ್ವಿಚ್ಚು ಆರಿಸಿದ್ದರು. ಆಗಬಹುದು ಎಂದು ಎಲ್ಲರಿಗೂ ಗೊತ್ತಿತ್ತು. ರುಕಿಯಾ ಅಕ್ಕ ನಮಗಿಂತ ಮೊದಲೇ ಇಳಿದು ಬಂದು, ಬೇಸಿಗೆಯಲ್ಲಿ ತನ್ನ ಮನೆಗೇ ಸಾಲದ ಬಾವಿಗೆ ಹಗ್ಗ ಇಳಿಸಿಯೇ ಬಿಟ್ಟಿದ್ದಳು. ಕಾಲೊನಿಯ ಹೆಂಗಸರೆಲ್ಲ ರಸ್ತೆ ದಾಟಿ ಸಾಲಾಗಿ ನಿಂತು ಸೇದಿದರು. ಕುಶಾಲಪ್ಪ ಮಾವ ಎರಡೂ ಕೈಯಲ್ಲಿ ಕೊಡ ಹಿಡಿದು ಮುದುಕಿಯರ ಮನೆಗಳಿಗೆ ಹಾಕಿ ಬಂದ. ನಾಳೆ ತಹಶೀಲ್ದಾರರ ಆಫೀಸಿಗೆ ಎಲ್ಲರೂ ಹೋಗುವ ಎಂದು ಮೊದಲು ಹೇಳಿದವನೂ ಅವನೇ.

ಅಮ್ಮ ತಲೆಗೆ ನೀರು ಹೊಯ್ದುಕೊಂಡು ಬಂದಳು. ಕುಚ್ಚಲಕ್ಕಿಯ ಗಂಜಿ, ಸುಟ್ಟ ಒಣಮೀನು. ಬಟ್ಟಲು ಖಾಲಿ ಮಾಡಿ ಮತ್ತೆ ಚಾಚಿದಳು. ಎಷ್ಟೋ ದಿನದಿಂದ ಅವಳು ಸರಿಯಾಗಿ ಉಂಡಿರಲಿಲ್ಲ.

"ತಹಶೀಲ್ದಾರರ ಹತ್ತಿರ ಬೆಳಿಗ್ಗೆ ಹೋಗುವನಾ?" ಎಂದು ಕೇಳಿದೆ.

"ಮಧ್ಯಾಹ್ನ ಹೋಗುವ" ಎಂದಳು. ಮೀನಿನ ಮುಳ್ಳು ಬಿಡಿಸುತ್ತಿದ್ದಳು. "ಬೆಳಿಗ್ಗೆ ಅವರು ಕೋರೆಗೆ ಇಳೀತಾರಲ್ಲ. ಬೇಗ ಎಬ್ಬಿಸು ನನ್ನನ್ನು. ತಡ ಆದ್ರೆ ಮುಂದೆ ಕೂರ್ಲಿಕ್ಕೆ ಜಾಗ ಸಿಗುದಿಲ್ಲ."